ಎರಡು ವಯಸ್ಸಿನ ತನ್ವಿ

ಚೌತಿ ಕಳೆದ ಮೇಲೆ ಹುಟ್ಟಬೇಕಾಗಿದ್ದ ಮಗು ಮಳೆ ಸರಿಯಾಗಿ ಹಿಡಿಯುವ ಮೊದಲೇ ಹುಟ್ಟಿಬಿಟ್ಟಿತು. ತೊಂಬತ್ಮೂರನೆಯ ಇಸವಿಯ ಮಾತು. ಡೊಂಬಿವಲಿಯ ಆ ಮನೆಯಲ್ಲಿ ಅದಕ್ಕೆ ಯಾವ ತಯಾರಿಯೂ ಆಗಿರಲಿಲ್ಲ. ಬಾಣಂತನಕ್ಕೆ ಉಡುಪಿಯ ಕಡೆಯಿಂದ ಬರಬೇಕಾಗಿದ್ದ ಅತ್ತೆ ಇನ್ನೂ ಬಸ್ಸಿನ ಟಿಕೆಟ್ಟೇ ಮಾಡಿಸಿರಲಿಲ್ಲ. ಮುಕ್ತಾ ಅವತ್ತು ಬೆಳಿಗ್ಗೆ ದೊಡ್ಡ ಮಗ ಪ್ರಥಮನನ್ನು ಶಾಲೆಗೆ ಕಳಿಸಿ, ನೆನೆಹಾಕಿದ ಬಟ್ಟೆ ಒಗೆಯಲು ಬಗ್ಗಿದವಳು ಹಾಗೇ ಗೋಡೆ ಹಿಡಿದು ಕೂತಳು. ಪಕ್ಕದ ಮನೆಯವರು ಓಡಿಹೋಗಿ, ಸ್ಟೇಷನ್ನಿನ ಎದುರು ಸಣ್ಣ ಹೋಟೆಲು ನಡೆಸುತ್ತಿದ್ದ ಅವಳ ಗಂಡ ರಘುಪತಿಯನ್ನು ಕರೆತಂದರು. ಹತ್ತಿರದ ನರ್ಸಿಂಗ್ ಹೋಮಿನವರು ನೋಡಿ, ಇದು ಇಲ್ಲಿ ಆಗುವ ಕೆಲಸವಲ್ಲ, ಠಾಣೆ ಶಹರಕ್ಕೆ ಕರೆದುಕೊಂಡು ಹೋಗಿ ಎಂದರು. ಠಾಣೆಯ ದೊಡ್ಡ ಆಸ್ಪತ್ರೆಯಲ್ಲಿ ಅದೇ ಮಧ್ಯಾಹ್ನ ಹೆಣ್ಣು ಮಗು ಹುಟ್ಟಿತು. ಅತ್ತಿತೋ ಇಲ್ಲವೋ ಮುಕ್ತಾಳಿಗೆ ಕೇಳಿಸಲಿಲ್ಲ. ಹಸಿರು ಬಟ್ಟೆಯಲ್ಲಿ ಸುತ್ತಿದ ಏನನ್ನೋ ಎತ್ತಿಕೊಂಡು ಒಬ್ಬರು ಬಾಗಿಲು ದಾಟಿ ಓಡಿದ್ದು ಮಾತ್ರ ಕಂಡಿತು.

ತೂಕ ಒಂದು ಕಿಲೋಕ್ಕಿಂತ ತುಸು ಮೇಲೆ. ಹೋಟೆಲಿನಲ್ಲಿ ದಿನವೂ ರವೆಯ ಪೊಟ್ಟಣ ಎತ್ತಿ ಇಳಿಸುವ ರಘುಪತಿಗೆ ಆ ತೂಕ ಕೈಗೇ ಗೊತ್ತಿತ್ತು. ಗೊತ್ತಿದ್ದುದೇ ಅವನಿಗೆ ಕಷ್ಟವಾಯಿತು.

ಎದ್ದು ನಡೆಯುವಂತಾದ ಮೇಲೆ ಮುಕ್ತಾ ಮಗಳನ್ನು ನೋಡಲು ಹೋದಳು. ದಪ್ಪ ಗಾಜಿನ ಗೋಡೆ, ಅದರಾಚೆ ಸಾಲಾಗಿ ಗಾಜಿನ ಪೆಟ್ಟಿಗೆಗಳು. ಒಂದು ಪೆಟ್ಟಿಗೆಯೊಳಗೆ, ಕೆಂಪಗೆ, ಸುಲಿದ ಹಣ್ಣಿನಂಥ ಮೈ. ತಲೆಗೆ ಹತ್ತಿಯ ಟೊಪ್ಪಿ. ಮೂಗಿನಲ್ಲಿ ಎಳೆಯಷ್ಟು ಸಪೂರದ ನಳಿಗೆ. ಎದೆಗೂಡು ಒಮ್ಮೆ ಸರಸರನೆ ಏರಿಳಿಯುತ್ತಿತ್ತು, ಒಮ್ಮೆ ನಿಂತೇಹೋದಂತೆ ಕಾಣುತ್ತಿತ್ತು. ಆಗ ಮುಕ್ತಾಳ ಉಸಿರೂ ನಿಲ್ಲುತ್ತಿತ್ತು.

"ಬಾಣಂತಿ ಹೀಗೆ ತುಂಬ ಹೊತ್ತು ನಿಲ್ಲಬಾರ್ದು," ಎಂದು ಹಿಂದಿನಿಂದ ತುಳುವಿನಲ್ಲಿ ಯಾರೋ ಅಂದರು. ಆ ವಾರ್ಡಿನ ನರ್ಸ್ ಜಯಶೀಲ ಸಿಸ್ಟರ್. ಅವರು ಮುಲ್ಕಿಯ ಕಡೆಯವರು, ಠಾಣೆಗೆ ಬಂದು ಎಷ್ಟೋ ವರ್ಷವಾಗಿತ್ತು. ಮುಕ್ತಾ ತಿರುಗಿ ನೋಡಿದ್ದೇ ತಡ ಅಳು ಉಕ್ಕಿತು. ಊರಿನ ಮಾತು ಕೇಳಿದರೆ ಹಾಗೆ.

"ಒಂದು ಸಲ ಎತ್ತಿಕೊಳ್ಳಬಹುದಾ ಸಿಸ್ಟರ್?"

"ಈಗ ಬೇಡ. ಅವಳಿಗೆ ಇನ್ನೂ ಹೊರಗಿನ ಗಾಳಿಯೇ ಭಾರ. ಕೈ ತೊಳಕೊಂಡು ಬನ್ನಿ, ಒಂದು ಬೆರಳು ಮುಟ್ಟಿಸ್ತೇನೆ. ನಿಮ್ಮಿಂದ ಆಗಬೇಕಾದ ಕೆಲಸ ಒಂದುಂಟು. ಹಾಲು ತನ್ನಿ. ದಿನಾ ತನ್ನಿ. ಅವಳು ಚೀಪಲಿಕ್ಕೆ ಕಲಿಯುವವರೆಗೆ ನಳಿಗೆಯಲ್ಲಿ ಕೊಡುವಾ. ಔಷಧಿ ನಾವು ಕೊಡ್ತೇವೆ, ಅದನ್ನು ಮಾತ್ರ ನೀವೇ ಕೊಡಬೇಕು."

ಪೆಟ್ಟಿಗೆಯ ಬದಿಯ ದುಂಡು ಕಿಂಡಿಯಿಂದ ಮುಕ್ತಾ ಕೈ ಹಾಕಿದಳು. ತೋರುಬೆರಳ ತುದಿಯನ್ನು ಆ ಅಂಗೈಗೆ ತಾಗಿಸಿದಳು. ಬೆರಳುಗಳು ಮುಚ್ಚಿಕೊಂಡವು. ಹಿಡಿದದ್ದೋ, ಸುಮ್ಮನೆ ಮಡಿಸಿದ್ದೋ ಗೊತ್ತಾಗಲಿಲ್ಲ.

ಅವಳನ್ನು ಮನೆಗೆ ಕಳಿಸಿದರು, ಮಗುವನ್ನು ಇಟ್ಟುಕೊಂಡರು. ಹೆತ್ತವಳು ಬರಿಗೈಯಲ್ಲಿ ಮನೆಗೆ ಬಂದದ್ದನ್ನು ನೋಡಿ ಪ್ರಥಮ ಚೀಲದೊಳಗೆಲ್ಲ ಹುಡುಕಿದ. ಅತ್ತೆ ಅವಸರದಲ್ಲಿ ಬಸ್ಸು ಹತ್ತಿ ಬಂದರು. ಬರುವಾಗ ಪೆಟ್ಟಿಗೆಯ ತಳದಲ್ಲಿ, ಕೂಸಿಗೆ ಹಾಲು ಹಾಕುವ ಹಳೆಯ ಬೆಳ್ಳಿಯ ಒಳಲೆಯನ್ನೂ ತಂದಿದ್ದರು. ಅದನ್ನು ತಿಕ್ಕಿ ಬೆಳಗಿ ದೇವರ ಮುಂದೆ ಇಟ್ಟರು. ಹಾಲು ಕುಡಿಯುವ ಮಗು ಮನೆಯಲ್ಲಿರಲಿಲ್ಲ. ಹೆಸರನ್ನೂ ಯಾರೂ ಎತ್ತಲಿಲ್ಲ. ಹೆಸರಿಟ್ಟರೆ ಮೇಲಿನವನಿಗೆ ಕರೆಯಲು ಸುಲಭವಾದೀತೆಂಬ ಹೆದರಿಕೆ ಇರಬೇಕು. ಮನೆಯಲ್ಲಿ ಎಲ್ಲರೂ 'ಪಾಪು' ಎನ್ನುತ್ತಿದ್ದರು, ಅದೂ ಮೆಲ್ಲಗೆ.

ಅಲ್ಲಿಂದ ಮುಕ್ತಾಳ ದಿನಚರಿ ಲೋಕಲ್ ಗಾಡಿಯ ಮೇಲೆ ನಿಂತಿತು. ಬೆಳಿಗ್ಗೆ ಎದ್ದು ಸ್ಟೀಲಿನ ಡಬ್ಬಿಯನ್ನು ಕುದಿಸಿ, ಹಾಲು ಹಿಂಡಿ, ಐಸಿನ ಚೂರು ತುಂಬಿದ ಅಗಲ ಬಾಯಿಯ ಫ್ಲಾಸ್ಕಿನಲ್ಲಿ ಡಬ್ಬಿಯಿಟ್ಟು, ಸೆರಗಿನೊಳಗೆ ಅವುಚಿಕೊಂಡು ಡೊಂಬಿವಲಿಯಲ್ಲಿ ಹೆಂಗಸರ ಬೋಗಿ ಹತ್ತುವುದು. ದಿವಾ, ಮುಂಬ್ರಾ, ಕಳ್ವಾ, ಆಮೇಲೆ ಠಾಣೆ. ದಿನಾ ಆಫೀಸಿಗೆ ಹೋಗುವ ಹೆಂಗಸರಿಗೆ ಸ್ವಲ್ಪ ದಿನದಲ್ಲೇ ಅವಳ ವಿಷಯ ಗೊತ್ತಾಯಿತು. "ದೂಧ್‌ವಾಲಿ ಆಯಿ ಆಲಿ, ಜಾಗಾ ದ್ಯಾ," ಹಾಲಿನ ಅಮ್ಮ ಬಂದಳು, ಜಾಗ ಕೊಡಿ ಎಂದು ತರಕಾರಿ ಸೋಸುತ್ತ ಕೂತವರು ಸರಿದು ಜಾಗ ಕೊಡುತ್ತಿದ್ದರು. ಮುಕ್ತಾ ಕೂರುತ್ತಿದ್ದಳು, ಕಣ್ಣು ಮುಚ್ಚುತ್ತಿದ್ದಳು. ಬೆರಳ ತುದಿಯಲ್ಲಿ ಆ ಅಂಗೈ ಇನ್ನೂ ಇದ್ದಂತೆ ಅನ್ನಿಸುತ್ತಿತ್ತು. ಮೈಯೆಲ್ಲ ಮಗುವಿಗಾಗಿ ನೋಯುತ್ತಿದ್ದಾಗ ಸಿಕ್ಕುತ್ತಿದ್ದದ್ದು ಒಂದು ಬೆರಳಿನಷ್ಟು.

ಒಂದು ದಿನ ಜುಲೈಯ ಮಳೆ ಹಿಡಿದುಕೊಂಡಿತು. ಗಾಡಿ ದಿವಾ ಬಿಟ್ಟು ಸ್ವಲ್ಪ ದೂರ ಹೋದದ್ದು ನಿಂತಿತು. ಮುಂದೆ ಹಳಿಯ ಮೇಲೆ ನೀರಂತೆ. ಒಂದು ಬದಿ ಗುಡ್ಡ, ಒಂದು ಬದಿ ಖಾಡಿ, ಕಡಲ ಹಿನ್ನೀರಿನ ಕಂದು ಹರವು. ಮೊದಲು ಎಲ್ಲರೂ ರೈಲ್ವೆಯವರನ್ನು ಬೈದರು, ಆಮೇಲೆ ತಿಂಡಿಯ ಡಬ್ಬಿ ಬಿಚ್ಚಿದರು, ಆಮೇಲೆ ಸುಮ್ಮನಾದರು. ಮುಕ್ತಾ ಫ್ಲಾಸ್ಕಿನ ಮುಚ್ಚಳ ತೆಗೆದು ನೋಡಿದಳು. ಐಸು ಕರಗಿ ನೀರಾಗುತ್ತಿತ್ತು.

ಆಗಲೇ ಬಾಗಿಲ ಕಡೆಯಿಂದ ಕೂಸಿನ ಅಳು ಕೇಳಿತು. ದಿವಾದಲ್ಲಿ ಹತ್ತಿದ ಮುದುಕಿಯೊಬ್ಬಳು ಒದ್ದೆ ನೆಲದ ಮೇಲೆ ಕೂತು ಮಡಿಲಲ್ಲಿದ್ದ ಕೂಸನ್ನು ತಟ್ಟುತ್ತಿದ್ದಳು. ಬರಬರುತ್ತ ಅಳು ಜೋರಾಯಿತು, ಆಮೇಲೆ ಗೊಗ್ಗರಾಯಿತು. ಹೆಂಗಸರು ಮರಾಠಿಯಲ್ಲಿ, ಹಿಂದಿಯಲ್ಲಿ ಬುದ್ಧಿ ಹೇಳಿದರು. ಮುದುಕಿಗೆ ಯಾವುದೂ ಪೂರ್ತಿ ತಿಳಿದಂತೆ ಕಾಣಲಿಲ್ಲ. ತನ್ನಷ್ಟಕ್ಕೆ ತಾನೇ ಅಂದುಕೊಂಡಳು: "ಏನ ಮಾಡ್ಲಿ ನನ್ನಪ್ಪಾ. ಎಲ್ಲಿಂದ ತರ್ಲಿ ಹಾಲು."

ಕನ್ನಡ! ಮುಕ್ತಾ ಬಗ್ಗಿ ಕೇಳಿದಳು, "ಎಂತ ಆಯ್ತು ಅಜ್ಜಿ? ಮಗುವಿನ ಅಮ್ಮ ಎಲ್ಲಿ?"

ಮುದುಕಿಯ ಮುಖ ಅರಳಿತು. "ನಮ್ಮ ಮಾತು ಆಡ್ತೀಯೇನವ್ವಾ! ಇವನವ್ವ ಕಳ್ವಾದ ದವಾಖಾನ್ಯಾಗ ಬಿದ್ದಾಳ. ಕಾಮಣಿ ಆಗ್ಯದ, ಕಣ್ಣೆಲ್ಲ ಹಳದಿ. ಡಾಕ್ಟರು ಕೂಸಿನ್ನ ಬಿಡಿಸ್ಯಾರ. ಹೊರಗಿನ ಹಾಲು ಕೊಟ್ರ ಕಾರ್ತಾನ. ನಿನ್ನೆಯಿಂದ ಸಕ್ರಿ ನೀರಿನ ಮ್ಯಾಲೇ ಅದಾನ."

ಅವಳ ಹೆಸರು ಗುರಮ್ಮ. ಕಲಬುರಗಿಯ ಕಡೆಯವಳು. ಮಗ ಚಂದ್ರಾಮ, ಸೊಸೆ ಜ್ಯೋತಿ ಇಬ್ಬರೂ ಬಿಲ್ಡಿಂಗಿನ ಕೆಲಸಕ್ಕೆ ಹೋಗುವವರು. ಕೂಸು ದಿಲೀಪ.

ಕೂಸು ಮತ್ತೆ ಅತ್ತಿತು. ಮುಕ್ತಾಳ ರವಿಕೆಯ ಮುಂಭಾಗ ಬೆಚ್ಚಗೆ ಒದ್ದೆಯಾಯಿತು. ಅವಳು ಯೋಚಿಸಿದ್ದಲ್ಲ, ಮೈಯೇ ಮುಂದಾಯಿತು. ಮೊದಲು ಸೆರಗು ಬಿಗಿಯಾಗಿ ಎಳೆದುಕೊಂಡಳು. ಫ್ಲಾಸ್ಕನ್ನು ತೊಡೆಯ ನಡುವೆ ಅವುಚಿದಳು. ಇದು ಪಾಪುವಿನದು, ಪಾಪುವಿಗೆ ಇದಲ್ಲದೆ ಬೇರೇನೂ ಇಲ್ಲ ಎಂದುಕೊಂಡು ಖಾಡಿಯ ಕಡೆ ಮುಖ ತಿರುಗಿಸಿದಳು. ಗುರಮ್ಮ ಏನೂ ಕೇಳಲಿಲ್ಲ. ಕೇಳಿದ್ದರೆ ಇಲ್ಲ ಎನ್ನಬಹುದಿತ್ತೇನೋ.

"ಕೊಡಿ ಇತ್ತ," ಎಂದಳು ಮುಕ್ತಾ.

ಗುರಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀವು ದೊಡ್ಡ ಮಂದಿ ಕಾಣ್ತೀರವ್ವಾ. ನಾವು ಯಾರು, ಏನು..."

"ಕೊಡಿ ಅಜ್ಜಿ."

ಎದುರು ಕೂತಿದ್ದ ಹುಡುಗಿಯೊಬ್ಬಳು ತನ್ನ ಓಢಣಿ ಬಿಚ್ಚಿ ಅಡ್ಡ ಹಿಡಿದಳು. ಮುಕ್ತಾ ಕೂಸನ್ನು ಎದೆಗಿಟ್ಟುಕೊಂಡಳು. ಗಟ್ಟಿಮುಟ್ಟಾದ, ಬಿಸಿಬಿಸಿಯಾದ, ಭಾರದ ಮೈ. ಮೊದಲು ಮುಖ ಅತ್ತಿತ್ತ ಹೊರಳಿಸಿತು. ಆಮೇಲೆ ಬಾಯಿಗೆ ಸಿಕ್ಕಿತು, ಕಚ್ಚಿ ಹಿಡಿದು ಎಳೆಯಿತು. ಎಂಥ ಎಳೆತ! ಬೆನ್ನಹುರಿಯವರೆಗೆ ಏನೋ ಜಗ್ಗಿದಂತಾಗಿ ಮುಕ್ತಾ ಹಲ್ಲು ಕಚ್ಚಿದಳು. ಕೂಸು ಗುಟುಕು ಗುಟುಕಾಗಿ ನುಂಗುವ ಸದ್ದು ಆ ಗದ್ದಲದಲ್ಲೂ ಅವಳಿಗೆ ಕೇಳುತ್ತಿತ್ತು. ಒಂದು ಕೈ ಮೇಲೆತ್ತಿ ಅವಳ ಗಲ್ಲದ ಮೇಲೆ ಬಡಿಯಿತು. ಅವಳ ಕಣ್ಣಿಂದ ನೀರು ಸುರಿದು ಕೂಸಿನ ನೆತ್ತಿಯ ಮೇಲೆ ಬಿತ್ತು. ಒರೆಸಲು ಕೈ ಬಿಡುವಿರಲಿಲ್ಲ.

"ನಿನ್ನ ಕೂಸೆಲ್ಲವ್ವಾ?" ಎಂದಳು ಗುರಮ್ಮ.

"ಠಾಣೆಯಲ್ಲುಂಟು. ಗಾಜಿನ ಪೆಟ್ಟಿಗೆಯೊಳಗೆ. ಏಳು ತಿಂಗಳಿಗೇ ಹುಟ್ಟಿತು. ಇನ್ನೂ ಎತ್ತಿಕೊಂಡಿಲ್ಲ ನಾನು."

ಗುರಮ್ಮ ಅವಳ ಮೊಣಕಾಲ ಮೇಲೆ ಕೈಯಿಟ್ಟಳು. ಸಿಮೆಂಟು ತಿಂದು ಒರಟಾದ ಕೈ. "ಅದೂ ಹಿಂಗೇ ಜಗ್ಗಿ ಜಗ್ಗಿ ಕುಡೀತದ ನೋಡು. ಕುಡೀದೇ ಎಲ್ಲಿ ಹೋಗ್ತದ."

ಗಾಡಿ ಹೊರಟದ್ದು ಮಧ್ಯಾಹ್ನ ಇಳಿಯುವಾಗ. ಕಳ್ವಾದಲ್ಲಿ ಗುರಮ್ಮ ನಿದ್ದೆಹೋದ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ಇಳಿದಳು. ಇಳಿಯುವ ನೂಕುನುಗ್ಗಲಲ್ಲಿ ಒಮ್ಮೆ ತಿರುಗಿ ಏನೋ ಅಂದಳು, ಕೇಳಿಸಲಿಲ್ಲ. ದಿವಾದಲ್ಲಿ ಎಲ್ಲಿ ಮನೆ ಎಂದು ಕೇಳುವುದು ಮುಕ್ತಾಳಿಗೆ ಹೊಳೆಯಲೇ ಇಲ್ಲ.

ಆಸ್ಪತ್ರೆ ಮುಟ್ಟಿದಾಗ ಜಯಶೀಲ ಸಿಸ್ಟರ್ ಡಬ್ಬಿ ಮೂಸಿ ನೋಡಿ ತಲೆಯಾಡಿಸಿದರು. "ಬೆಚ್ಚಗಾಗಿದೆ. ಇವಳಿಗೆ ಇದು ಬೇಡ. ಕೂತು ಹೊಸತು ಕೊಡಿ." ಮುಕ್ತಾ ಪರದೆಯ ಹಿಂದೆ ಕೂತಳು. ಎಷ್ಟು ಹಿಂಡಿದರೂ ಡಬ್ಬಿಯ ತಳ ಮುಚ್ಚುವಷ್ಟೂ ಬರಲಿಲ್ಲ. ಇದ್ದದ್ದನ್ನೆಲ್ಲ ದಿಲೀಪ ಕುಡಿದಿದ್ದ. ಸಿಸ್ಟರ್ ಅಷ್ಟನ್ನೇ ನಳಿಗೆಗೆ ಹಾಕಿ, "ಇಷ್ಟಾದರೂ ಬಂತಲ್ಲ" ಎಂದರು. ಮುಕ್ತಾ ದಾರಿಯಲ್ಲಾದದ್ದನ್ನು ಹೇಳದೆ ಡಬ್ಬಿ ತೊಳೆದಿಟ್ಟಳು.

ಅದೇ ವಾರ ಪಾಪುವಿಗೆ ಸೋಂಕು ತಗಲಿತು. ಹೊಟ್ಟೆ ಉಬ್ಬಿತು. ಹಾಲು ನಿಲ್ಲಿಸಿ, ಬರೀ ಸಲೈನಿನ ಮೇಲೆ ಇಟ್ಟರು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲವೆಂದು ಯಾವ ಡಾಕ್ಟರೂ ಹೇಳಿಯಾರು. ಆದರೆ ಮುಕ್ತಾ ಕೇಳಿದರೆ ತಾನೇ? ಮಗಳ ಪಾಲನ್ನು ದಾರಿಯಲ್ಲಿ ಯಾರಿಗೋ ಕೊಟ್ಟು ಬಂದೆ ಎಂದು ಅವಳು ತನ್ನನ್ನೇ ಶಪಿಸಿಕೊಂಡಳು. ಅದಕ್ಕಿಂತ ದೊಡ್ಡ ಸಂಕಟ ಬೇರೆಯಿತ್ತು: ಗಾಜಿನ ಆಚೆ ಮಗಳನ್ನು ನೋಡುತ್ತ ನಿಂತಾಗಲೂ ಎದೆಯಲ್ಲಿ ಆ ಇನ್ನೊಂದು ಕೂಸಿನ ಎಳೆತ ನೆನಪಾಗಿ ಮೈ ಜುಮ್ಮೆನ್ನುತ್ತಿತ್ತು.

ಪಾಪು ಉಳಿದಳು. ಮೆಲ್ಲಮೆಲ್ಲಗೆ ತೂಕ ಹತ್ತಿದಳು. ಒಂದು ದಿನ ಜಯಶೀಲ ಸಿಸ್ಟರ್ ಮುಕ್ತಾಳನ್ನು ಒರಗು ಕುರ್ಚಿಯಲ್ಲಿ ಕೂರಿಸಿ, ರವಿಕೆಯ ಗುಂಡಿ ತೆಗೆಸಿ, ಮಗುವನ್ನು ಬರಿಮೈಯಲ್ಲೇ ಅವಳ ಎದೆಯ ಮೇಲೆ ಕವುಚಿ ಮಲಗಿಸಿ, ಮೇಲಿಂದ ಮೆದು ಸೀರೆ ಸುತ್ತಿದರು. "ಹೀಗೇ ಕೂತ್ಕೊಳ್ಳಿ. ಪೆಟ್ಟಿಗೆಗಿಂತ ಇದು ಬೆಚ್ಚಗೆ." ಮಗುವಿನ ಭಾರವೇ ತಿಳಿಯುತ್ತಿರಲಿಲ್ಲ, ಬಿಸಿ ಮಾತ್ರ ತಿಳಿಯುತ್ತಿತ್ತು. ಹಕ್ಕಿಯ ಎದೆ ಹೊಡೆದುಕೊಳ್ಳುವ ಹಾಗೆ ಒಂದು ಬಡಿತ. ಮುಕ್ತಾ ಅಲುಗಾಡದೆ ಕೂತಳು. ಸಿಸ್ಟರ್ ಬಂದು ಸಾಕು ಎಂದಾಗ ಕೇಳದವಳಂತೆ ಕಣ್ಣು ಮುಚ್ಚಿದಳು.

ಚೀಪುವುದು ಮಾತ್ರ ಸುಲಭವಾಗಿ ಬರಲಿಲ್ಲ. ಎದೆಗಿಟ್ಟರೆ ಬಾಯಿ ತೆರೆಯುತ್ತಿದ್ದಳು, ಎರಡು ಸಲ ತುಟಿಯಾಡಿಸುತ್ತಿದ್ದಳು, ದಣಿದು ನಿದ್ದೆಹೋಗುತ್ತಿದ್ದಳು. 'ಕುಡೀದೇ ಎಲ್ಲಿ ಹೋಗ್ತದ' ಎಂದ ಗುರಮ್ಮನನ್ನು ಮುಕ್ತಾ ನೆನೆದಳು. ಕೊನೆಗೂ ಚೌತಿ ಕಳೆದ ಮೇಲೆ, ಅಂದರೆ ಸರಿಯಾಗಿದ್ದರೆ ಹುಟ್ಟಬೇಕಾಗಿದ್ದ ಹೊತ್ತಿಗೆ, ಮಗು ಮನೆಗೆ ಬಂತು. ಅತ್ತೆ ದೇವರ ಮುಂದಿನ ಒಳಲೆ ತೆಗೆದು, ಹಿಂಡಿದ ಹಾಲು ತುಂಬಿ, ತೊಟ್ಟು ತೊಟ್ಟಾಗಿ ಬಾಯಿಗೆ ಬಿಟ್ಟರು. ಹೆಸರು ತನ್ವಿ ಎಂದಿಟ್ಟರು. ಎದೆಹಾಲು ತಾನಾಗಿ ಎಳೆದು ಕುಡಿಯಲು ಕಲಿತದ್ದು ಅದಾಗಿ ಎಷ್ಟೋ ವಾರದ ಮೇಲೆ. ಕಲಿತ ಮೇಲೂ ಅದು ಮೆತ್ತಗಿನ, ಅನುಮಾನದ ಎಳೆತ. ಕೊಡುತ್ತೀಯೋ ಇಲ್ಲವೋ ಎಂದು ಕೇಳುವ ಹಾಗೆ.

ತಪಾಸಣೆಗೆ ಹೋದಾಗ ಡಾಕ್ಟರಮ್ಮ ಹೇಳಿದರು: "ಇವಳಿಗೆ ಎರಡು ವಯಸ್ಸು. ಹುಟ್ಟಿದ ದಿನದಿಂದ ಒಂದು, ಹುಟ್ಟಬೇಕಾಗಿದ್ದ ದಿನದಿಂದ ಒಂದು. ನೀವು ಎರಡನೆಯದನ್ನೇ ನೋಡಿ. ಅವಸರ ಮಾಡಬೇಡಿ."

ಅತ್ತೆಗೆ ಇದು ಬಹಳ ಅನುಕೂಲವಾಯಿತು. ಕಟ್ಟಡದ ಹೆಂಗಸರು "ಎಷ್ಟು ತಿಂಗಳಾಯ್ತು, ಇನ್ನೂ ಕುತ್ತಿಗೆ ನಿಂತಿಲ್ಲವಾ?" ಎಂದರೆ ಚಿಕ್ಕ ವಯಸ್ಸು ಹೇಳುತ್ತಿದ್ದರು. ಊರಿಗೆ ಫೋನು ಮಾಡಿ ಮೊಮ್ಮಗಳು ನಕ್ಕ ಸುದ್ದಿ ಹೇಳುವಾಗಲೂ ಚಿಕ್ಕದನ್ನೇ ಹೇಳುತ್ತಿದ್ದರು. ಮುಕ್ತಾಳಿಗೆ ಆ ಲೆಕ್ಕ ಹಿಡಿಯಲಿಲ್ಲ. ಅವಳಿಗೆ ಮೂರನೆಯ ವಯಸ್ಸೊಂದು ಇತ್ತು, ಅದು ದಿಲೀಪನದು.

ತಪಾಸಣೆಗೆಂದು ಠಾಣೆಗೆ ಹೋಗುವಾಗಲೆಲ್ಲ ಗಾಡಿ ದಿವಾದಲ್ಲಿ ನಿಲ್ಲುತ್ತಿತ್ತು. ಮುಕ್ತಾ ತನ್ವಿಯನ್ನು ಎದೆಗೆ ಅವುಚಿಕೊಂಡು ಬಾಗಿಲ ಕಡೆ ಕತ್ತು ಚಾಚುತ್ತಿದ್ದಳು. ತಲೆಯ ಮೇಲೆ ಸೆರಗು ಹೊದ್ದ ಮುದುಕಿ ಕಂಡರೆ ಎದ್ದು ನಿಲ್ಲುತ್ತಿದ್ದಳು. ಗುರಮ್ಮನಲ್ಲ. ದಿಲೀಪ ಈಗ ಕವುಚಿಕೊಂಡಿರಬೇಕು. ಈಗ ಕೂತಿರಬೇಕು. ಈಗ ಇಟ್ಟಿಗೆಯ ರಾಶಿ ಹಿಡಿದು ನಿಂತಿರಬೇಕು. ಅವನವ್ವ ಉಳಿದಳೋ? ಅವನಾದರೂ ಉಳಿದನೋ? ಒಂದೇ ಒಂದು ಮಧ್ಯಾಹ್ನ ಮಡಿಲಲ್ಲಿದ್ದ ಕೂಸಿಗೆ ಇಷ್ಟು ಹಂಬಲಿಸುವುದುಂಟೇ ಎಂದು ಅವಳಿಗೇ ನಾಚಿಕೆಯಾಗುತ್ತಿತ್ತು. ತೊಡೆಯ ಮೇಲಿನ ತನ್ವಿ ತಾಯಿಯ ಮಂಗಲಸೂತ್ರವನ್ನು ಬಾಯಿಗಿಟ್ಟುಕೊಂಡು ಅವಳ ಮುಖ ನೋಡುತ್ತಿದ್ದಳು.

ತನ್ವಿ ಕೂತಳು, ತಡವಾಗಿ. ಮಾತು ಬಂತು, ಬೇಗನೇ. ಅಣ್ಣನ ಹಿಂದೆ ಬಿದ್ದು ಅವನ ಮರಾಠಿಯನ್ನೂ ಅಜ್ಜಿಯ ತುಳುವನ್ನೂ ಕಲಸಿ ಹಕ್ಕಿಯ ಹಾಗೆ ಉಲಿಯುತ್ತಿದ್ದಳು. ಆದರೆ ನಿಲ್ಲಿಸಿದರೆ ಕಾಲು ಬಿಗಿಯುತ್ತಿದ್ದವು, ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಕಾಲು ಪಳಗಿಸುವ ಹೆಂಗಸು ಆಸ್ಪತ್ರೆಯಲ್ಲಿದ್ದರು. ಟವೆಲು ಸುರುಳಿ ಸುತ್ತಿ ಅದರ ಮೇಲೆ ಕೂರಿಸುವುದು, ಪಾದವನ್ನು ಅಂಗೈಯಲ್ಲಿ ಹಿಡಿದು ಮೇಲಕ್ಕೆ ಒತ್ತುವುದು ಎಲ್ಲ ಕಲಿಸಿಕೊಟ್ಟರು. ಮುಕ್ತಾ ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಆ ಹೆಂಗಸು ಪ್ರತಿ ಸಲವೂ ಮರಾಠಿಯಲ್ಲಿ ಹೇಳುತ್ತಿದ್ದ ಇನ್ನೊಂದು ಮಾತಿತ್ತು. "ಖಾಲಿ ಸೋಡಾ ತಿಲಾ. ಕೆಳಗೆ ಬಿಡಿ ಅವಳನ್ನು. ಯಾವಾಗ ನೋಡಿದರೂ ಸೊಂಟದ ಮೇಲೇ ಇರ್ತಾಳಲ್ಲ!" ಮುಕ್ತಾ ಹ್ಞೂಂ ಎನ್ನುತ್ತಿದ್ದಳು. ಮೆಟ್ಟಿಲಿಳಿಯುವಷ್ಟರಲ್ಲಿ ತನ್ವಿ ಮತ್ತೆ ಸೊಂಟದ ಮೇಲಿರುತ್ತಿದ್ದಳು. ಎತ್ತಿಕೊಳ್ಳಲು ಬಿಡದಿದ್ದ ಆ ದಿನಗಳ ಬಾಕಿ ಎಷ್ಟು ತೀರಿಸಿದರೂ ತೀರುತ್ತಿರಲಿಲ್ಲ.

ಎರಡನೆಯ ಹುಟ್ಟುಹಬ್ಬ ಕಳೆಯಿತು. ಚೌತಿಯೂ ಕಳೆಯಿತು, ಚಿಕ್ಕ ಲೆಕ್ಕದಲ್ಲೂ ಎರಡು ತುಂಬಿತು. ಅತ್ತೆ ಊರಿಗೆ ಹೋಗಿದ್ದರು. ತನ್ವಿ ಗೋಡೆ ಹಿಡಿದು ನಿಲ್ಲುತ್ತಿದ್ದಳು, ಹೆಜ್ಜೆ ಕೀಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಮುಕ್ತಾ ಹೊಲಿಗೆಯ ಮಿಷನ್ನಿನ ಮುಂದೆ ಕೂತು ಸಣ್ಣ ಗಂಡು ಅಂಗಿಯೊಂದನ್ನು ಹೊಲಿಯುತ್ತಿದ್ದುದನ್ನು ರಘುಪತಿ ನೋಡಿದ. ಪ್ರಥಮನಿಗೆ ಅದು ಆಗುತ್ತಿರಲಿಲ್ಲ.

"ಯಾರಿಗೆ ಇದು?"

ಮುಕ್ತಾ ಮಿಷನ್ನು ನಿಲ್ಲಿಸಿ ಎಲ್ಲವನ್ನೂ ಹೇಳಿದಳು. ನಿಂತ ಗಾಡಿ, ಗುರಮ್ಮ, ಓಢಣಿ ಅಡ್ಡ ಹಿಡಿದ ಹುಡುಗಿ, ಬರಿದಾದ ಎದೆ. ರಘುಪತಿ ಹೆಚ್ಚು ಮಾತಿನವನಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಕೂತು ಕೇಳುವುದೇ ಅಭ್ಯಾಸವಾಗಿತ್ತು. ಕೇಳಿ ಮುಗಿದ ಮೇಲೆ ಸ್ವಲ್ಪ ಹೊತ್ತು ಅಂಗಿಯ ತೋಳನ್ನು ಬೆರಳಲ್ಲಿ ಸವರಿದ.

"ಎಡ್ಡೆ ಆಂಡ್," ಎಂದ ತುಳುವಿನಲ್ಲಿ. ಒಳ್ಳೆಯದೇ ಆಯ್ತು. "ಇಷ್ಟು ದಿನ ಒಬ್ಬಳೇ ಹೊತ್ತುಕೊಂಡು ತಿರುಗಿದೆಯಾ? ಹೋಗಿ ನೋಡಿ ಬಾ. ನಾಳೆ ಆದಿತ್ಯವಾರ, ಮಧ್ಯಾಹ್ನ ಹೋಟೆಲನ್ನು ಕೆಲಸದ ವಾಸು ನೋಡಿಕೊಳ್ತಾನೆ. ಮಕ್ಕಳ ಹತ್ತಿರ ನಾನಿರ್ತೇನೆ."

"ತನ್ವಿ ಬಿಟ್ಟಿರುದಿಲ್ಲ."

"ಇರ್ತಾಳೆ. ನೀನು ಬಿಟ್ಟಿರ್ತೀಯಾ ಅಂತ ಹೇಳು."

ಆದಿತ್ಯವಾರ ಮುಕ್ತಾ ದಿವಾದಲ್ಲಿ ಇಳಿದಳು. ಮೊದಲ ಸಲ. ಹಳಿಯ ಪಕ್ಕದಲ್ಲೇ ತಗಡಿನ ಸಾಲುಮನೆಗಳು, ನಡುನಡುವೆ ಅರ್ಧ ಎದ್ದ ಕಟ್ಟಡಗಳು, ಬಿದಿರಿನ ಅಟ್ಟಣಿಗೆ. ಸೊಂಟದ ಮೇಲೆ ಮಗುವಿಲ್ಲದೆ ನಡೆಯುವುದು ಅವಳಿಗೆ ಮರೆತೇಹೋಗಿತ್ತು, ಒಂದು ಬದಿಗೆ ವಾಲಿಯೇ ನಡೆದಳು. ಕನ್ನಡ ಮಾತಾಡುವವರು ಎಲ್ಲಿ ಎಂದು ಕೇಳುತ್ತ ಕೇಳುತ್ತ ನೀರಿನ ನಲ್ಲಿಯ ಹತ್ತಿರ ರಾಯಚೂರಿನ ಮಾನಮ್ಮ ಎಂಬವಳು ಸಿಕ್ಕಿದಳು. ಕೊಡ ತುಂಬುವುದನ್ನು ಬಿಟ್ಟು ಮಾತಿಗೆ ನಿಂತಳು.

"ಯಾ ಗುರಮ್ಮ? ಚಂದ್ರಾಮನ ತಾಯಿ? ಹೌದೇಳು, ಇಲ್ಲೇ ಇದ್ರು. ಆ ಕಡಿ ಬಿಲ್ಡಿಂಗ ಮುಗೀತು, ತುರ್ಭೆಕ್ಕ ಹ್ವಾದ್ರು. ಹೋದ ವರ್ಷದ ಮಾತು."

"ಸೊಸೆ? ಜ್ಯೋತಿ ಅಂತ. ಹುಷಾರಿರಲಿಲ್ಲ ಅವಳಿಗೆ."

"ಅದಾಳ, ಅದಾಳ. ಒಣಗಿದ ಕಡ್ಡಿ ಆಗ್ಯಾಳ ಖರೆ, ಅದಾಳ."

ಮುಕ್ತಾ ಉಸಿರು ಬಿಟ್ಟಳು. "ಒಂದು ಗಂಡು ಮಗುವಿತ್ತಲ್ಲ..."

"ದಿಲ್ಯಾ?" ಮಾನಮ್ಮ ಜೋರಾಗಿ ನಕ್ಕಳು. "ಅವನು ಕೂಸಲ್ಲ, ಬಿರುಗಾಳಿ! ವರ್ಷ ತುಂಬೂದ್ರೊಳಗ ಓಡಾಕ ಹತ್ತಿತ್ತು. ಅವರಜ್ಜಿ ಹಿಡಿಯೂದ್ರೊಳಗ ಆ ಉಸುಕಿನ ರಾಶಿ ಮ್ಯಾಲ. ಇಳಿಸಿದ್ರ ಹಳಿ ಕಡಿ. ಕಾಲಿಗೆ ಹಗ್ಗಾ ಕಟ್ಟಿ ಕೂಡಸ್ತಿದ್ಲು ಗುರಮ್ಮ."

ವರ್ಷ ತುಂಬುವುದರೊಳಗೆ. ಮುಕ್ತಾ ನಗಲು ನೋಡಿದಳು. ನಗುವೂ ಬಂತು, ಅದರ ಬೆನ್ನಿಗೇ ಗೋಡೆ ಹಿಡಿದು ನಿಂತ ತನ್ವಿ ನೆನಪಾದಳು. ತನ್ನ ಹಾಲಿನ ಒಂದು ಹೊತ್ತಿನ ಪಾಲು ಎಲ್ಲೋ ಉಸುಕಿನ ರಾಶಿ ಹತ್ತಿ ಓಡುತ್ತಿತ್ತು. ಹಿಡಿಯುವವರ ಕೈಗೆ ಸಿಗದೆ.

"ತುರ್ಭೆಯಲ್ಲಿ ಎಲ್ಲಿ?"

"ಎಲ್ಲಂತ ಹೇಳ್ಲಿ ತಂಗಿ? ಕೆಲ್ಸ ಎಲ್ಲೋ ಅಲ್ಲಿ. ಈಗ ತುರ್ಭೆದಾಗೂ ಅದಾರೋ, ಭಿವಂಡಿಗೆ ಹೋದ್ರೋ." ಮಾನಮ್ಮ ಅವಳನ್ನು ಒಂದು ಗಳಿಗೆ ದಿಟ್ಟಿಸಿದಳು. "ಆ ಕೂಸು ನಿಮಗೇನಾಗಬೇಕ್ರಿ?"

ಮುಕ್ತಾ ಗಾಡಿಯಲ್ಲಿ ಪರಿಚಯ ಎಂದಳು. ಚೀಲದಿಂದ ಅಂಗಿ ತೆಗೆದು, ನಲ್ಲಿಯ ನೀರಿನಲ್ಲಿ ಆಡುತ್ತಿದ್ದ ಮಾನಮ್ಮನ ಮೊಮ್ಮಗನ ಬೆನ್ನಿಗೆ ಹಿಡಿದು ನೋಡಿದಳು. ತೋಳು ಸ್ವಲ್ಪ ಉದ್ದವಾಯಿತು. ಬೆಳೆಯುವ ಹುಡುಗ ಎಂದು ಅವನಿಗೇ ಕೊಟ್ಟು, ಮಾನಮ್ಮ ಕೊಟ್ಟ ಚಹಾ ಕುಡಿದು ಸ್ಟೇಷನ್ನಿಗೆ ಬಂದಳು. ಪ್ಲಾಟ್‌ಫಾರ್ಮಿನಲ್ಲಿ ಒಂದು ಗಾಡಿ ಬಿಟ್ಟಳು, ಇನ್ನೊಂದನ್ನೂ ಬಿಟ್ಟಳು. ಹುಡುಕುವುದು ಇಲ್ಲಿಗೆ ಮುಗಿಯಿತೆಂದು ಅವಳಿಗೆ ಗೊತ್ತಿತ್ತು. ಅಷ್ಟು ಬೇಗ ಹತ್ತಲು ಕಾಲು ಬರಲಿಲ್ಲ.

ಸಂಜೆ ಮನೆಯ ಮೆಟ್ಟಿಲು ಹತ್ತುವಾಗಲೇ ಪ್ರಥಮ ಮೇಲಿಂದ ಕೂಗಿದ: "ಅಮ್ಮಾ! ತನ್ವಿ ಚಾಲಲೀ! ಅಮ್ಮಾ, ತನ್ವಿ ಚಾಲಲೀ!"

ಮುಕ್ತಾ ಮೆಟ್ಟಿಲ ನಡುವೆ ನಿಂತುಬಿಟ್ಟಳು. ನಡೆದಳಂತೆ. ಎರಡು ವರ್ಷದಿಂದ, ಅಲ್ಲ, ಗಾಜಿನ ಗೋಡೆಯ ಮುಂದೆ ನಿಂತ ದಿನದಿಂದ ಕಾದಿದ್ದ ಗಳಿಗೆ ಬಂದು ಹೋಗಿತ್ತು. ಅವಳಿರಲಿಲ್ಲ.

ರಘುಪತಿಯ ಕಣ್ಣು ಕೆಂಪಗಿತ್ತು. "ನಾನು ಪೇಪರ್ ಓದ್ತಾ ಇದ್ದೆ. ಇವಳು ಅಮ್ಮ ಅಮ್ಮ ಅಂತ ರಾಗ ಎಳೀತಾ ಇದ್ದಳು. ಇವನು ಆಚೆ ಬದಿಯಿಂದ ಬಿಸ್ಕಿಟು ತೋರಿಸಿದ. ಗೋಡೆ ಬಿಟ್ಟಳು ಮಾರಾಯ್ತಿ. ಹಾಗೇ ಬಂದಳು. ಮೂರೋ ನಾಲ್ಕೋ ಹೆಜ್ಜೆ. ಬಿದ್ದಳು, ಅಳಲಿಲ್ಲ."

"ಅಮ್ಮ ಇದ್ದಿದ್ದರೆ ಅಷ್ಟರಲ್ಲೇ ಎತ್ತಿಕೊಂಡುಬಿಡ್ತಿದ್ದಳು," ಎಂದ ಪ್ರಥಮ ಮರಾಠಿಯಲ್ಲಿ, ಬಿಸ್ಕಿಟು ಕಡಿಯುತ್ತ. ಅವನ ಮಾತಿನಲ್ಲಿ ದೂರೇನೂ ಇರಲಿಲ್ಲ. ಮಳೆ ಬಂತು ಎಂದ ಹಾಗೆ ಅಂದಿದ್ದ. ರಘುಪತಿ ಅವನನ್ನು ಸುಮ್ಮನಿರು ಎಂಬಂತೆ ನೋಡಿದ.

ಮುಕ್ತಾ ಚಪ್ಪಲಿ ಕಳಚಿ, ಕೈಕಾಲು ತೊಳೆದು ಬಂದು ಕೋಣೆಯ ಈ ತುದಿಯಲ್ಲಿ ಮಂಡಿಯೂರಿ ಕೂತು ಕೈ ಚಾಚಿದಳು. "ಬಾ ಪುಟ್ಟಾ. ಅಮ್ಮನ ಹತ್ತಿರ ಬಾ." ತನ್ವಿ ಗೋಡೆ ಹಿಡಿದು ನಿಂತು ತಾಯಿಯನ್ನು ನೋಡಿದಳು. ನಕ್ಕಳು. ಕೂತು, ಅಂಬೆಗಾಲಿಕ್ಕಿ ಬಂದು, ಎತ್ತಿಕೋ ಎಂದು ತೋಳು ಮೇಲೆತ್ತಿದಳು. ಮುಕ್ತಾ ಎತ್ತಿಕೊಂಡಳು. ಕತ್ತಿನ ಸಂದಿಯಲ್ಲಿ ಮುಖವಿಟ್ಟು ಬಿಸ್ಕಿಟಿನ ವಾಸನೆಯನ್ನು ಎಳೆದುಕೊಂಡಳು.

ಮರುದಿನವೂ ಹಾಗೇ. ಅದರ ಮರುದಿನವೂ. ಅಪ್ಪನ ಎದುರು, ಅಣ್ಣನ ಎದುರು ಎರಡು ಹೆಜ್ಜೆ ಇಡುವವಳು ತಾಯಿಯನ್ನು ಕಂಡೊಡನೆ ಕೂತುಬಿಡುತ್ತಿದ್ದಳು. ಪಕ್ಕದ ಮನೆಯವರು ನೋಡಿ ಹೇಳಿದರು, ಪ್ರಥಮ ನೋಡಿ ಹೇಳಿದ, ಹಾಲು ತರುವ ದೇವದಾಸ್ ಕೂಡ ಬಾಗಿಲಲ್ಲಿ ನಿಂತು ನೋಡಿದೆ ಎಂದ. ಊರಿಗೆಲ್ಲ ಕಂಡದ್ದು ಹೆತ್ತವಳಿಗೆ ಮಾತ್ರ ಕಾಣಲಿಲ್ಲ. ಕೂತಲ್ಲಿ ನಿಂತಲ್ಲಿ ಅವಳು ಆ ಆದಿತ್ಯವಾರದ ಹೆಜ್ಜೆಗಳನ್ನು ಕಲ್ಪಿಸಿಕೊಳ್ಳುತ್ತಿದ್ದಳು: ಯಾವ ಕಾಲು ಮೊದಲು ಎತ್ತಿರಬಹುದು, ಕೈ ಎಲ್ಲಿಟ್ಟಿರಬಹುದು.

ದೀಪಾವಳಿಗೆ ಸ್ವಲ್ಪ ಮೊದಲಿನ ಒಂದು ಮಧ್ಯಾಹ್ನ. ಪ್ರಥಮ ಶಾಲೆಗೆ ಹೋಗಿದ್ದ. ಮುಕ್ತಾ ನೆಲದ ಮೇಲೆ ಕಾಲು ಚಾಚಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತನ್ವಿ ಮಂಚದ ಕಾಲು ಹಿಡಿದು ತನ್ನಷ್ಟಕ್ಕೆ ಏನೋ ಹಾಡಿಕೊಳ್ಳುತ್ತಿದ್ದಳು. ಹಾಡು ನಿಂತಿತು. ಮುಕ್ತಾ ತಲೆ ಎತ್ತದೆ ಕಣ್ಣಂಚಿನಲ್ಲಿ ನೋಡಿದಳು.

ಬಾಗಿಲಾಚೆಯ ಗ್ಯಾಲರಿಯ ಸರಳಿನ ಮೇಲೆ ಪಾರಿವಾಳ ಬಂದು ಕೂತಿತ್ತು. ತನ್ವಿ ಮಂಚ ಬಿಟ್ಟಳು. ಎರಡೂ ಕೈ ಭುಜದ ಮಟ್ಟಕ್ಕೆ ಎತ್ತಿ, ಹಿಮ್ಮಡಿ ತುಸು ಮೇಲೆದ್ದು, ಬೆರಳ ತುದಿಯಲ್ಲಿ ಓಲಾಡುತ್ತ ಒಂದು ಹೆಜ್ಜೆ. ನಿಂತಳು. ಇನ್ನೊಂದು. ತಾಯಿಯ ಕಡೆಗಲ್ಲ, ತಾಯಿಯನ್ನು ದಾಟಿ. ಫ್ರಾಕಿನ ಅಂಚು ಮುಕ್ತಾಳ ಭುಜಕ್ಕೆ ತಾಗಿ ಹೋಯಿತು. ಮುಂದೆ ಹೊಸ್ತಿಲಿತ್ತು, ಬೀಳುವಂತಿತ್ತು.

ಮುಕ್ತಾಳ ಎರಡು ಕೈಗಳೂ ಎದ್ದವು. ಅವಳು ಅವನ್ನು ಇಳಿಸಿ, ಮೊರದ ಅಕ್ಕಿಯೊಳಗೆ ಮುಂಗೈವರೆಗೆ ಹೂತು, ಬಿಗಿಯಾಗಿ ಮುಷ್ಟಿ ಕಟ್ಟಿಕೊಂಡು ಕೂತಳು.

ತನ್ವಿ ಹೊಸ್ತಿಲ ಹತ್ತಿರ ಒಂದು ಗಳಿಗೆ ತೂಗಾಡಿದಳು. ಬಾಗಿಲ ಚೌಕಟ್ಟು ಹಿಡಿದುಕೊಂಡಳು, ಒಂದು ಕಾಲನ್ನು ಎತ್ತಿ ಆಚೆ ಇಟ್ಟಳು, ಇನ್ನೊಂದನ್ನೂ ಇಟ್ಟಳು. ಪಾರಿವಾಳ ಹಾರಿಹೋಯಿತು. ಅವಳು ಹೊರಗಿನ ಬಿಸಿಲಿನಲ್ಲಿ ನಿಂತು, ಅದು ಹೋದ ಕಡೆ ನೋಡುತ್ತ, ತಿರುಗಿ ಒಳಗೆ ಬರುವುದನ್ನೇ ಮರೆತಳು.